ಅಣ್ಣನ ಹೆಸರಿನ ಕೆಳಗೊಂದು ಉದ್ದಗೆರೆ

ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಎದುರು ಜೆರಾಕ್ಸ್ ಅಂಗಡಿಗಳ ಒಂದು ಸಾಲಿದೆ. ಆ ಸಾಲಿನ ಕೊನೆಯ ಅಂಗಡಿಯಲ್ಲಿ ಬೇಸಿಗೆಯಲ್ಲೂ ಫ್ಯಾನು ತಿರುಗುವುದಿಲ್ಲ. ತಿರುಗಿದರೆ ಮೇಜಿನ ಮೇಲೆ ಹರಡಿಟ್ಟ ಬಿಡಿ ಹಾಳೆಗಳು ಎದ್ದು, ಒಬ್ಬರ ಪ್ರಬಂಧ ಇನ್ನೊಬ್ಬರ ಪ್ರಬಂಧದೊಳಗೆ ಹೊಕ್ಕುಬಿಡುತ್ತದೆ. ಮುಂಭಾಗದಲ್ಲಿ ಅಂಗಡಿಯ ಯಜಮಾನರು ರಟ್ಟು ಕಟ್ಟುತ್ತಾರೆ, ಬೆನ್ನಿಗೆ ಚಿನ್ನದ ಬಣ್ಣದ ಅಕ್ಷರ ಒತ್ತುತ್ತಾರೆ. ಒಳಗೆ, ಕಬ್ಬಿಣದ ಕಪಾಟಿನ ಮರೆಯಲ್ಲಿ, ಕಂಪ್ಯೂಟರಿನ ಮುಂದೆ ಕೂರುವವರು ಅವರ ಹೆಂಡತಿಯ ತಂಗಿ. ವಯಸ್ಸು ಐವತ್ತರ ಆಸುಪಾಸು. ಪಿಎಚ್‌ಡಿ ಹುಡುಗ ಹುಡುಗಿಯರು ಅವರನ್ನು ಕರೆಯುವುದು ‘ಕೊನೇಪುಟದ ಅಕ್ಕ’ ಎಂದು.

ಹೆಸರು ಕೆಲಸದಿಂದಲೇ ಬಂದದ್ದು. ಪ್ರಬಂಧದ ಹೊಟ್ಟೆಯೊಳಗೆ ಏನಿದೆ ಎಂಬುದು ಅಕ್ಕನ ತಲೆನೋವಲ್ಲ. ಉಪಸಂಹಾರ ಮುಗಿದ ಮೇಲೆ ಅವರ ಸರದಿ. ಯಾವ ಮಾತು ಯಾರದು, ಯಾವ ಪುಸ್ತಕದ್ದು, ಎಷ್ಟನೇ ಪುಟದ್ದು ಎಂದು ಹೇಳುವ ಆಕರಗಳ ಪಟ್ಟಿಯನ್ನು ಅವರು ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಜೋಡಿಸುತ್ತಾರೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರಿನ ಒಂದಕ್ಷರ ಆಮೇಲೆ, ವರ್ಷ ಕಂಸದೊಳಗೆ, ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ.

“ಅಕ್ಕಾ, ನಾಳೆ ಸಬ್ಮಿಟ್ ಮಾಡ್ಬೇಕು.”

“ಇಷ್ಟು ವರ್ಷ ಏನ್ ಮಾಡ್ತಿದ್ದೆ?”

“ಬರೀತಿದ್ದೆ.”

“ಈ ಪುಸ್ತಕಕ್ಕೆ ಊರಿಲ್ಲ, ವರ್ಷ ಇಲ್ಲ, ಅಚ್ಚು ಹಾಕಿಸಿದವರಿಲ್ಲ. ಆಕಾಶದಿಂದ ಉದುರಿದ್ದಾ?”

“ನೀವೇ ಏನಾದ್ರೂ ಮಾಡಿ ಅಕ್ಕ.”

ನೀವೇ ಏನಾದರೂ ಮಾಡಿ ಎನ್ನುವವರ ಸಂಖ್ಯೆ ಹೆಚ್ಚಾದಂತೆ ಅಕ್ಕ ಒಂದು ದಾರಿ ಕಂಡುಕೊಂಡರು. ಒಂದೇ ವಿಭಾಗದವರು ಹೆಚ್ಚುಕಡಿಮೆ ಅವವೇ ಪುಸ್ತಕಗಳನ್ನು ಹೆಸರಿಸುತ್ತಾರೆ. ಪ್ರತಿಸಲ ಹೊಸದಾಗಿ ಟೈಪ್ ಮಾಡುವುದೇಕೆ? ಒಮ್ಮೆ ಸರಿಮಾಡಿದ ಸಾಲುಗಳನ್ನು ವಿಭಾಗವಾರು ಕಂಪ್ಯೂಟರಿನಲ್ಲಿ ಇಟ್ಟುಕೊಂಡರು. ಬೇಕಾದಾಗ ಎತ್ತಿ ಅಂಟಿಸಿದರಾಯಿತು. ಅಂಗಡಿಯ ಭಾಷೆಯಲ್ಲಿ ಅದಕ್ಕೆ ‘ಗೂಡು’ ಎಂದು ಹೆಸರು. ಕಾಲ ಕಳೆದಂತೆ ಹುಡುಗರೂ ಅದನ್ನು ಕಲಿತರು. “ಇತಿಹಾಸದ ಗೂಡಿಂದ ಇನ್ನೊಂದಷ್ಟು ಹಾಕಿ ಅಕ್ಕ, ಪಟ್ಟಿ ಬಡಕಲಾಗಿದೆ ಅಂತಾರೆ ನಮ್ಮ ಗೈಡು” ಎಂದು ಕೇಳಿ ಹಾಕಿಸಿಕೊಂಡು ಹೋಗುತ್ತಿದ್ದರು.

ಇತಿಹಾಸದ ಗೂಡಿನಲ್ಲಿ ಒಂದು ಸಾಲು ತಪ್ಪಿತ್ತು. ಅದು ತಪ್ಪೆಂದು ಅಕ್ಕನಿಗೆ ಗೊತ್ತಿತ್ತು.

ಆ ಸಾಲು ಗೂಡು ಸೇರಿ ಹತ್ತು ವರ್ಷ ದಾಟಿದೆ. ಆಗ ಇತಿಹಾಸ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರರು ಬಟ್ಟೆ ಗಿರಣಿಗಳ ಮೇಲೆ ಒಂದು ದೊಡ್ಡ ಪುಸ್ತಕ ಬರೆದು, ಆಕರಗಳ ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ತಂದುಕೊಟ್ಟಿದ್ದರು. ಅದರಲ್ಲಿ ಅವರದೇ ಹಳೆಯ ಲೇಖನಗಳು ಆರು. ಜೊತೆಗೆ ಗಿರಣಿ ಕೇರಿಯ ಮನೆಗಳ ಮೇಲೆ ಬರೆದ ಇನ್ನೊಂದು ಲೇಖನ. ಎಲ್ಲ ಚೀಟಿಗಳ ಮೇಲೂ ಅದೇ ಮನೆತನದ ಹೆಸರು, ಅದೇ ಒಂದಕ್ಷರ. ಒಬ್ಬರದೇ ಹಲವು ಬರಹಗಳಿದ್ದರೆ ಮೊದಲನೆಯದಕ್ಕೆ ಮಾತ್ರ ಹೆಸರು ಹಾಕಿ, ಕೆಳಗಿನವಕ್ಕೆ ಹೆಸರಿನ ಜಾಗದಲ್ಲಿ ಒಂದು ಉದ್ದಗೆರೆ ಎಳೆಯುವುದು ಪದ್ಧತಿ. ಗೆರೆ ಎಂದರೆ ‘ಮೇಲಿನವರೇ’ ಎಂದರ್ಥ. ಅಕ್ಕ ಏಳಕ್ಕೂ ಸೇರಿಸಿ ಒಂದು ಹೆಸರು ಹಾಕಿ, ಉಳಿದವಕ್ಕೆ ಗೆರೆ ಎಳೆದರು. ಪ್ರೊಫೆಸರರು ಪ್ರೂಫು ನೋಡಿ ಸಹಿ ಹಾಕಿದರು. ಪುಸ್ತಕ ಬಂತು, ಪಠ್ಯವಾಯಿತು. ಸಾಲುಗಳು ಗೂಡು ಸೇರಿದವು.

ಎರಡು ವರ್ಷದ ಮೇಲೆ ಯಾರದೋ ಪ್ರಬಂಧದ ಪರೀಕ್ಷಕರು, ಗಿರಣಿ ಕೇರಿಯ ಆ ಲೇಖನಕ್ಕೆ ಪುಟಸಂಖ್ಯೆ ಇಲ್ಲವೆಂದು ತಕರಾರು ತೆಗೆದರು. ಅಕ್ಕ ಗ್ರಂಥಾಲಯಕ್ಕೆ ಹೋಗಿ ಹಳೆಯ ಪತ್ರಿಕೆಗಳ ವಿಭಾಗದಲ್ಲಿ ಧೂಳು ಕೊಡವಿ ಆ ಸಂಚಿಕೆ ತೆಗೆದರು. ಲೇಖನದ ತಲೆಯ ಮೇಲೆ ಹೆಸರು ಪೂರ್ತಿ ಅಚ್ಚಾಗಿತ್ತು. ಹೆಂಗಸಿನ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಣ್ಣ ಊರಿನ ಹೆಣ್ಣುಮಕ್ಕಳ ಕಾಲೇಜಿನ ವಿಳಾಸ.

ಅಕ್ಕ ಪುಟಸಂಖ್ಯೆ ಬರೆದುಕೊಂಡು ಸಂಚಿಕೆಯನ್ನು ಮತ್ತೆ ಕಪಾಟಿನಲ್ಲಿಟ್ಟು ಬಂದರು.

“ಭಾವ, ಗಿರಣಿ ಕೇರಿ ಲೇಖನ ಪ್ರೊಫೆಸರ್ ಬರೆದದ್ದಲ್ಲ. ಅವರ ತಂಗಿ ಇರಬೇಕು. ನಾನು ಅವರ ಲೆಕ್ಕಕ್ಕೆ ಹಾಕ್ಬಿಟ್ಟಿದೀನಿ.”

ಭಾವ ರಟ್ಟಿಗೆ ಅಂಟು ಬಳಿಯುತ್ತಿದ್ದವರು ತಲೆ ಎತ್ತಲಿಲ್ಲ. “ಮನೆಯೊಳಗಿನ ವಿಷಯ. ಅಣ್ಣನ ಹೆಸರಲ್ಲಿದ್ರೆ ತಂಗಿ ಬಡವಾಗ್ತಾಳಾ? ಅವರ ವಿಭಾಗದ ಹುಡುಗರೆಲ್ಲ ಇಲ್ಲಿಗೇ ಬರೋದು, ನೆನಪಿರಲಿ. ‘ನಿಮ್ಮ ಪುಸ್ತಕ ಕೆಡಿಸಿದ್ದು ನಾನೇ’ ಅಂತ ಅವರ ಮುಂದೆ ಹೋಗಿ ನಿಲ್ತೀಯಾ?”

ಅಕ್ಕ ನಿಲ್ಲಲಿಲ್ಲ. ಗೂಡು ತೆಗೆದು ಪುಟಸಂಖ್ಯೆ ಸರಿಮಾಡಿದರು. ಗೆರೆಯನ್ನು ಹಾಗೆಯೇ ಬಿಟ್ಟರು.

ಇದು ಅವರೇ ಹೇಳುವ ಮಾತು, ಸುತ್ತಿಬಳಸದೆ ಹೇಳುತ್ತಾರೆ. ಕೈ ಅದೇ ಸಾಲಿನ ಮೇಲಿತ್ತು, ಗೆರೆ ಅಳಿಸಿ ಹೆಸರು ಹಾಕುವುದು ಗಳಿಗೆಯ ಕೆಲಸ. ಆದರೆ ಹಾಕಿದರೆ ಹಳೆಯ ಪ್ರಬಂಧಗಳಿಗೂ ಹೊಸದಕ್ಕೂ ತಾಳೆಯಾಗುವುದಿಲ್ಲ, ಯಾರಾದರೂ ಕೇಳುತ್ತಾರೆ, ಕೇಳಿದರೆ ಅಂಗಡಿಯ ಮಾನ ಹೋಗುತ್ತದೆ ಎಂದು ಅಳುಕಿದರು. ಪ್ರೊಫೆಸರರು ತೀರಿಕೊಂಡ ಮೇಲೂ ಬದಲಾಯಿಸಲಿಲ್ಲ. ಅಷ್ಟರಲ್ಲಿ ಆ ಸಾಲು ಎಷ್ಟು ಪ್ರಬಂಧಗಳಿಗೆ ಹೋಗಿತ್ತೆಂದರೆ, ಈಗ ಹೇಳಿದರೆ ‘ಇಷ್ಟು ದಿನ ಏನ್ ಮಾಡ್ತಿದ್ದೆ’ ಎಂಬ ಪ್ರಶ್ನೆ ತಮ್ಮ ಕಡೆಗೇ ತಿರುಗುತ್ತಿತ್ತು. ಇತಿಹಾಸದ ಗೂಡು ತೆರೆದಾಗಲೆಲ್ಲ ಅವರ ಕಣ್ಣು ಆ ಒಂದು ಸಾಲನ್ನು ದಾಟಿಕೊಂಡು ಹೋಗುವುದನ್ನು ಕಲಿತಿತ್ತು.

ಹೋದ ವರ್ಷ, ಪರೀಕ್ಷೆಗಳು ಮುಗಿದು ಬೀದಿ ಖಾಲಿಯಾಗಿದ್ದ ಒಂದು ಮಧ್ಯಾಹ್ನ, ಹತ್ತಿ ಸೀರೆಯ ಹೆಂಗಸೊಬ್ಬರು ಛತ್ರಿ ಮಡಚುತ್ತ ಅಂಗಡಿಯ ಮೆಟ್ಟಿಲು ಹತ್ತಿದರು. ನರೆತ ತಲೆ, ಹೆಗಲಿಗೆ ಬಟ್ಟೆ ಚೀಲ.

“ಇಲ್ಲಿ ಕೊನೇಪುಟದ ಅಕ್ಕ ಅಂದ್ರೆ ಯಾರು?”

“ನಾನೇ ಮೇಡಂ. ಬನ್ನಿ, ಕೂತ್ಕೊಳ್ಳಿ.”

“ಮೊದಲ ಪುಟಕ್ಕೆ ಬೇರೆ ಅಕ್ಕ ಇದ್ದಾರಾ?”

“ಅದಕ್ಕೆ ನಾನಿದೀನಿ ಮೇಡಂ,” ಎಂದರು ಭಾವ. “ಚಿನ್ನದ ಅಕ್ಷರ. ಓದೋರು ಬಹಳ ಜನ ಅಲ್ಲಿಗೇ ನಿಲ್ಲಿಸ್ತಾರೆ.”

ಬಂದವರು ನಕ್ಕರು. ಚೀಲದಿಂದ ಒಂದು ಅರ್ಜಿ ತೆಗೆದರು. ಸಣ್ಣ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅಧ್ಯಾಪಕಿ. ಸಂಶೋಧನಾ ಮಾರ್ಗದರ್ಶಕಿಯಾಗಲು ವಿಶ್ವವಿದ್ಯಾಲಯದ ಒಪ್ಪಿಗೆ ಕೇಳುತ್ತಿದ್ದರು. ಒಪ್ಪಿಗೆ ಸಿಕ್ಕರೆ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ನಿವೃತ್ತಿ ಹತ್ತಿರವಾಗಿದೆ, ಇದು ಬಿಟ್ಟರೆ ಇನ್ನೊಂದು ಅವಕಾಶವಿಲ್ಲ.

“ಇಬ್ಬರು ಹುಡುಗೀರು ನನ್ನ ಹತ್ರಾನೇ ಮಾಡ್ತೀವಿ ಅಂತ ಹಟ ಹಿಡಿದು ಕೂತಿದ್ದಾರಮ್ಮ. ಬೇರೆ ಗೈಡ್ ಹುಡುಕ್ಕೊಳ್ಳಿ ಅಂದ್ರೆ ಕೇಳಲ್ಲ. ನೀನು ಇದನ್ನ ನಿಯಮದ ಪ್ರಕಾರ ಚೆನ್ನಾಗಿ ಜೋಡಿಸಿಕೊಡು.”

ಅಕ್ಕ ಅರ್ಜಿಯ ಮೇಲಿನ ಹೆಸರು ಓದಿದರು. ಬೆರಳುಗಳು ಕೀಲಿಮಣೆಯ ಮೇಲೆ ಹಾಗೆಯೇ ನಿಂತವು.

“ಏನಮ್ಮ, ಕರೆಂಟ್ ಹೋಯ್ತಾ?”

“ಇಲ್ಲ ಮೇಡಂ. ಕಂಪ್ಯೂಟರ್ ಹಳೇದು, ಒಂದೊಂದ್ಸಲ ಹಿಡ್ಕೊಳ್ಳುತ್ತೆ.”

ಅರ್ಜಿಯ ಕೊನೆಯಲ್ಲಿ ‘ತಮ್ಮ ಬರಹವನ್ನು ಇತರ ಸಂಶೋಧಕರು ಬಳಸಿಕೊಂಡ ವಿವರ’ ಎಂಬ ಅಂಕಣವಿತ್ತು. ಅಧ್ಯಾಪಕಿ ಅದನ್ನು ಖಾಲಿ ಬಿಟ್ಟಿದ್ದರು.

“ಅಲ್ಲಿ ಸೊನ್ನೆ ಹಾಕು. ಪಟ್ಟಿಗಳಲ್ಲಿ ನನ್ನ ಹೆಸರು ಹುಡುಕಿಸಿದೆ, ಒಂದೂ ಇಲ್ಲ. ಬರೆದಿದ್ದೇ ಒಂದು ಒಳ್ಳೇ ಲೇಖನ. ಗಿರಣಿ ಕೇರೀಲಿ ಮನೆಮನೆ ತಿರುಗಿ ಬರೆದಿದ್ದು. ಅಣ್ಣ ಆಗ ಬಹಳ ಹೊಗಳಿದ್ದ. ಎಲ್ಲರೂ ಇದನ್ನ ಓದ್ತಾರೆ ನೋಡು ಅಂದಿದ್ದ. ಕಾದೆ. ಯಾರೂ ಮುಟ್ಟಲಿಲ್ಲ. ತಂಗಿ ಅನ್ನೋ ಪ್ರೀತಿಗೆ ಹೇಳಿದ್ದ ಅಂತ ಆಮೇಲೆ ಅರ್ಥ ಆಯ್ತು. ಬರೆಯೋದು ಬಿಟ್ಟೆ.”

ಈ ಮಾತನ್ನು ಅವರು ಬಿಸಿಲಿನ ಬಗ್ಗೆ ಹೇಳಿದಷ್ಟೇ ಸಲೀಸಾಗಿ ಹೇಳಿದರು. ನಾಡಿದ್ದು ಬರುತ್ತೇನೆಂದು ಛತ್ರಿ ಬಿಚ್ಚಿ ಇಳಿದು ಹೋದರು.

ಅಕ್ಕ ಅಷ್ಟು ವರ್ಷ ಹೆದರಿದ್ದು ಹೆಸರು ಅದಲುಬದಲಾದ ತಪ್ಪಿಗೆ. ಅದರಿಂದ ಒಬ್ಬರು ಬರೆಯುವುದನ್ನೇ ನಿಲ್ಲಿಸಿರಬಹುದು ಎಂಬುದು ಅವರ ಎಣಿಕೆಯಲ್ಲೇ ಇರಲಿಲ್ಲ. ಮನೆಗೆ ಹೋಗಿ ಅಡುಗೆಗೆ ಎರಡು ಸಲ ಉಪ್ಪು ಹಾಕಿದರು. ಮರುದಿನ ಭಾವನಿಗೆ ವಿಷಯ ಹೇಳಿದರು.

“ಬಾಯಿ ಬಿಡಬೇಡ,” ಎಂದರು ಭಾವ. “ಆಯಮ್ಮ ಸೊನ್ನೆ ಹಾಕು ಅಂದಿದ್ದಾರೆ, ಹಾಕು. ಇಲ್ಲಿ ಕೂತು ನಾವು ಊರಿನ ಪಾಪ ಎಲ್ಲಾ ಹೊರೋಕಾಗಲ್ಲ.”

“ಊರಿಂದಲ್ಲ ಭಾವ. ನಂದು.”

ಬರುತ್ತೇನೆಂದಿದ್ದ ದಿನವೇ ಅಧ್ಯಾಪಕಿ ಬಂದರು. ಭಾವ ಎಂದಿಲ್ಲದ ಉಪಚಾರ ತೋರಿಸುತ್ತ, ರಟ್ಟಿಗೆ ಯಾವ ಬಣ್ಣ, ಒಳಗೆ ಪ್ಲಾಸ್ಟಿಕ್ ಹಾಳೆ ಬೇಕೋ ಬೇಡವೋ ಎಂದು ಒಂದರ ಹಿಂದೊಂದು ಕೇಳುತ್ತಲೇ ಇದ್ದರು. ಅಕ್ಕ ಎದ್ದು ಬಂದು, ಕಂಪ್ಯೂಟರಿನ ಪರದೆಯನ್ನು ಬಂದವರ ಕಡೆಗೆ ತಿರುಗಿಸಿದರು.

“ಈ ಸಾಲು ನಿಮ್ಮದು ಮೇಡಂ. ಹೆಸರಿರಬೇಕಾದ ಕಡೆ ಗೆರೆ ಇದೆಯಲ್ಲ, ಅದನ್ನ ಹಾಕಿದ್ದು ನಾನು. ಇದು ನಿಮ್ಮ ಅಣ್ಣನ ಪುಸ್ತಕದಲ್ಲಿದೆ. ಆಮೇಲೆ ಇಲ್ಲಿಂದ ಹೋದ ಪ್ರಬಂಧಗಳಲ್ಲೆಲ್ಲ ಇದೆ. ಎಲ್ಲರೂ ನಿಮ್ಮ ಲೇಖನ ಹೆಸರಿಸಿದ್ದಾರೆ. ಅಣ್ಣನ ಹೆಸರಲ್ಲಿ.”

“ಗೊತ್ತಿಲ್ದೆ ಆಗಿದ್ದು ಮೇಡಂ,” ಎಂದರು ಭಾವ.

“ಮೊದಲನೇ ಸಲ ಗೊತ್ತಿಲ್ದೆ,” ಎಂದರು ಅಕ್ಕ. “ಆಮೇಲಿನದೆಲ್ಲ ಗೊತ್ತಿದ್ದೇ.”

ಅಧ್ಯಾಪಕಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಪರದೆಗೆ ಮುಖ ತಂದರು. ಆ ಸಾಲನ್ನು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

“ಪ್ರೂಫು ಅಣ್ಣ ನೋಡಿದ್ನಾ?”

“ನೋಡಿ ಸಹಿ ಹಾಕಿದ್ರು. ಈ ಗೆರೆ ಗಮನಿಸಿದ್ರೋ ಇಲ್ವೋ ನಂಗೆ ಗೊತ್ತಿಲ್ಲ ಮೇಡಂ.”

“ಮದುವೆ ಕರೆಯೋಲೆ ಕೈಗೆ ಕೊಟ್ರೂ ಅಣ್ಣ ಅದರಲ್ಲಿ ತಪ್ಪು ಹುಡುಕ್ತಿದ್ದ,” ಎಂದಷ್ಟೇ ಹೇಳಿದರು. ಆಮೇಲೆ ಅಣ್ಣನ ಮಾತು ಎತ್ತಲಿಲ್ಲ. ಅಂದೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ.

“ಎಷ್ಟು ಜನಕ್ಕೆ ಹಾಕಿದೀರಿ ಇದನ್ನ?”

ಹಿಂದಿನ ಸಲ ‘ನೀನು’ ಎಂದು ಮಾತಾಡಿಸಿದ್ದವರು ‘ನೀವು’ ಎಂದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮರ್ಯಾದೆ ತಡೆಯಲಾಗಲಿಲ್ಲ ಎನ್ನುತ್ತಾರೆ ಅಕ್ಕ.

ಅರ್ಜಿ ಸಲ್ಲಿಸಲು ಇನ್ನೊಂದು ವಾರವಿತ್ತು. ಅಷ್ಟರಲ್ಲಿ ಆ ಅಂಕಣ ತುಂಬಿಸಿಕೊಡುತ್ತೇನೆ ಎಂದು ಅಕ್ಕ ಮಾತು ಕೊಟ್ಟರು. ಹಳೆಯ ವಿದ್ಯಾರ್ಥಿಗಳ ಫೋನ್ ನಂಬರುಗಳಿದ್ದವು. ಈಗ ಅವರಲ್ಲಿ ಬಹಳಷ್ಟು ಜನ ಅಲ್ಲಲ್ಲಿ ಅಧ್ಯಾಪಕರು. ‘ನಾನು ಈ ಲೇಖನ ಬಳಸಿಕೊಂಡಿದ್ದೇನೆ, ಇದು ಇವರದು’ ಎಂದು ನಾಲ್ಕು ಸಾಲು ಬರೆದು ಕಳಿಸಿದರೆ ಸಾಕು, ಅರ್ಜಿ ನೋಡುವ ಸಮಿತಿಗೆ ತೋರಿಸಬಹುದು ಎಂಬುದು ಅಕ್ಕನ ಲೆಕ್ಕಾಚಾರ.

“ಕೊನೇಪುಟದ ಅಕ್ಕ! ನನ್ನ ನಂಬರ್ ಇನ್ನೂ ಇಟ್ಕೊಂಡಿದೀರಾ?” ಮೊದಲನೆಯವನು ಖುಷಿಯಾಗಿಯೇ ಮಾತಾಡಿದ. ವಿಷಯ ಕೇಳಿ ದನಿ ಇಳಿಸಿದ. “ಬರೆದುಕೊಡ್ತೀನಿ ಅಕ್ಕ, ಆದ್ರೆ... ಅದರಲ್ಲಿ ಏನಿದೆ? ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ?”

“ನೀನು ಓದಿಲ್ವಾ?”

“ಅದು ಗೂಡಿನ ಸಾಲಲ್ವಾ ಅಕ್ಕ. ನೀವೇ ಹಾಕಿದ್ರಿ.”

ಎರಡನೆಯವಳು ಓದಿದ ನೆನಪಿದೆ ಎಂದಳು. ಯಾವುದರ ಬಗ್ಗೆ ಎಂದರೆ ಹತ್ತಿಯ ಬೆಲೆಯ ಬಗ್ಗೆ ಎಂದಳು. ಇನ್ನೊಬ್ಬ, ಈಗ ಒಂದು ಕಾಲೇಜಿನ ಪ್ರಾಂಶುಪಾಲ, ಸಿಟ್ಟಾದ. “ಇಷ್ಟು ವರ್ಷ ಆದ ಮೇಲೆ ನನ್ನ ಪ್ರಬಂಧ ಯಾಕೆ ಕೆದಕ್ತೀರಿ? ನಿಮ್ಮ ತಪ್ಪನ್ನ ನನ್ನ ತಲೆಗೆ ಕಟ್ಟಬೇಡಿ.” ಕೆಲವರು ಫೋನು ತೆಗೆಯಲಿಲ್ಲ. ಮತ್ತೆ ಕೆಲವರು ಓದಿಲ್ಲವೆಂದು ಒಪ್ಪಿಕೊಂಡು, “ಆದ್ರೂ ಬರೆದುಕೊಡ್ತೀನಿ, ನಮ್ಮ ಅಕ್ಕ ಅಲ್ವಾ” ಎಂದರು.

ಒಬ್ಬಳು ಮಾತ್ರ ಲೇಖನದ ಹೆಸರು ಕೇಳಿದ ಕೂಡಲೇ, “ಗಿರಣಿ ಸೈರನ್ ಬಗ್ಗೆ ಇರೋದಲ್ವಾ?” ಎಂದಳು. ಪತ್ರಿಕೆ ಹುಡುಕಿ ತೆಗೆದು ಓದಿದ್ದಳು. ತನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ಅದರ ಮೇಲೆ ಕಟ್ಟಿದ್ದಳು. ಬರೆದವರು ಹೆಂಗಸು ಎಂದು ಅವಳಿಗೆ ಆಗಲೇ ತಿಳಿದಿತ್ತು, ಒಳಪುಟಗಳಲ್ಲಿ ಹೆಸರು ಸರಿಯಾಗಿಯೇ ಹಾಕಿದ್ದಳು. “ಕೊನೇಪುಟದಲ್ಲಿ ಗೆರೆ ಬಂದಿತ್ತು. ಅಕ್ಕ ಹಾಕಿದ್ದಾರೆ ಅಂದ್ಮೇಲೆ ಅದೇ ನಿಯಮ ಇರಬೇಕು ಅಂದ್ಕೊಂಡೆ.”

ವಾರ ಮುಗಿಯುವ ಮುಂಚೆ ಅಧ್ಯಾಪಕಿ ಬಂದು ಕೂತರು. ಈ ಸಲ ತಮಾಷೆಯಿಲ್ಲ. ಅಕ್ಕ ಬಂದ ಬರಹಗಳನ್ನೆಲ್ಲ ಮುದ್ರಿಸಿ ಇಟ್ಟಿದ್ದರು.

“ಇಷ್ಟು ಜನ ಬರೆದುಕೊಟ್ಟಿದ್ದಾರೆ ಮೇಡಂ. ಸಮಿತಿಯವರು ಕೇಳೋದಕ್ಕಿಂತ ಜಾಸ್ತೀನೇ ಇದೆ.”

“ಇವರೆಲ್ಲ ಓದಿದ್ದಾರಾ?”

ಅಕ್ಕ ಹಾಳೆಗಳನ್ನು ಅವರ ಕಡೆಗೆ ಸರಿಸಿದರು. “ಪಟ್ಟೀಲಿ ಇದೆಯಲ್ಲ ಮೇಡಂ. ಸಮಿತಿ ನೋಡೋದು ಪಟ್ಟೀನೇ.”

“ಓದಿದ್ದಾರಾ ಅಂತ ಕೇಳಿದೆ.”

“ಒಬ್ಬಳು ಓದಿದ್ದಾಳೆ.”

“ನೀವು?”

“ಇಲ್ಲ. ಪುಟದ ನಂಬರ್ ತಗೊಂಡು ಮುಚ್ಚಿಟ್ಟೆ.”

ಅಧ್ಯಾಪಕಿ ಆ ಹಾಳೆಗಳನ್ನು ಅಂಚು ಸರಿಮಾಡಿ, ಒಂದನ್ನು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಅಕ್ಕನ ಕಡೆಗೆ ತಳ್ಳಿದರು. “ಇದು ಹಿಂದೆ ಮಾಡಿದ್ದನ್ನೇ ಮತ್ತೆ ಮಾಡೋದು. ಆಗ ನನ್ನ ಲೇಖನ ಇನ್ನೊಬ್ಬರಿಗೆ ಕೊಟ್ರಿ. ಈಗ ಓದದೇ ಇರೋರನ್ನ ನನಗೆ ಕೊಡ್ತಿದೀರಿ. ಒಂದು ಅಂತ ಹಾಕಿ.”

“ಒಂದಕ್ಕೆ ಒಪ್ಪಿಗೆ ಕೊಡಲ್ಲ ಮೇಡಂ.”

“ಗೊತ್ತು. ಹಾಕಿ.”

ಅಕ್ಕ ಹಾಕಿದರು. ಭಾವ ಆ ಅರ್ಜಿಗೆ ರಟ್ಟು ಕಟ್ಟಿಕೊಟ್ಟು, ಮಜೂರಿ ಬೇಡವೆಂದರು. ಅಧ್ಯಾಪಕಿ ಕೊಟ್ಟೇ ಹೋದರು.

ಸಮಿತಿ ಒಪ್ಪಿಗೆ ಕೊಡಲಿಲ್ಲ. ಬಳಕೆಯ ಪುರಾವೆ ಸಾಲದು ಎಂದು ಕಾರಣ ಬಂತು. ಕಾದು ಕೂತಿದ್ದ ಹುಡುಗಿಯರಲ್ಲಿ ಒಬ್ಬಳು ಬೇರೆ ಗೈಡ್ ಹುಡುಕಿಕೊಂಡಳು. ಇನ್ನೊಬ್ಬಳು ಓದು ಬಿಟ್ಟು ಬ್ಯಾಂಕಿನ ಕೆಲಸಕ್ಕೆ ಸೇರಿದಳು. ಈ ಸುದ್ದಿ ಅಕ್ಕನಿಗೆ ಮುಟ್ಟಿದ್ದು ಬೇರೆ ಯಾರದೋ ಪ್ರಬಂಧ ತಿದ್ದುತ್ತಿದ್ದಾಗ, ಮಾತಿನ ನಡುವೆ ಬಂದ ಮಾತಾಗಿ.

ಅದಾದ ಮೇಲೆ ಅಕ್ಕ ಗ್ರಂಥಾಲಯಕ್ಕೆ ಹೋಗಿ ಲೇಖನ ಓದಿದರು. ದೊಡ್ಡದೇನಲ್ಲ, ಒಮ್ಮೆ ಕೂತರೆ ಓದಿ ಮುಗಿಯುತ್ತದೆ. ಗಿರಣಿಯ ಸೈರನ್ನು ಕೂಗುವ ಹೊತ್ತಿಗೆ ಇಡೀ ಕೇರಿಯ ಹೆಂಗಸರು ಏಳುತ್ತಿದ್ದರು, ಒಲೆ ಹಚ್ಚುತ್ತಿದ್ದರು. ಗಿರಣಿಗೆ ಬೀಗ ಬಿದ್ದು ಸೈರನ್ನು ನಿಂತ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಮಾಡಲು ಏನೂ ಇರುತ್ತಿರಲಿಲ್ಲ. ಒಲೆ ಹಚ್ಚದೆ, ದೀಪ ಹಾಕದೆ, ಗಂಡ ಮಕ್ಕಳಿಗೆ ಸದ್ದಾಗದಂತೆ ಗೋಡೆಗೆ ಒರಗಿ ಕೂತಿರುತ್ತಿದ್ದೆವು ಎಂದು ಆ ಹೆಂಗಸರು ಹೇಳಿದ್ದನ್ನು ಅಧ್ಯಾಪಕಿ ಅವರವರ ಮಾತಿನಲ್ಲೇ ಬರೆದಿದ್ದರು. ಯಾವ ಮಾತು ಯಾವ ಮನೆಯವಳದು ಎಂದು ಪ್ರತಿಯೊಂದರ ಕೆಳಗೂ ಇತ್ತು. ಹೆಸರು ಹೇಳಲು ಇಷ್ಟವಿಲ್ಲದವರಿಗೆ ‘ಹೆಸರು ಬೇಡವೆಂದವರು’ ಎಂದಿತ್ತು. ಯಾರ ಮಾತಿಗೂ ಗೆರೆ ಎಳೆದಿರಲಿಲ್ಲ.

ಇತಿಹಾಸದ ಗೂಡನ್ನು ಅಕ್ಕ ಅಳಿಸಿದರು. ಆಮೇಲೆ ಉಳಿದ ವಿಭಾಗಗಳದ್ದನ್ನೂ ಅಳಿಸಿದರು. ಈಗ ಪಟ್ಟಿ ತಂದವರನ್ನು, “ಇದನ್ನ ನೋಡಿದೀಯಾ, ಕೈಯಲ್ಲಿ ಹಿಡಿದಿದೀಯಾ?” ಎಂದು ಸಾಲುಸಾಲಿಗೆ ಕೇಳುತ್ತಾರೆ. ಹುಡುಗರು ಎರಡು ಸಲ ಕೇಳಿಸಿಕೊಂಡು, ಮೂರನೇ ಸಲ ಪಕ್ಕದ ಅಂಗಡಿಗೆ ಹೋಗುತ್ತಾರೆ. “ನಮ್ಮಲ್ಲಿ ಈಗ ಬೈಂಡಿಂಗ್ ಮಾತ್ರ, ಒಳಗೆ ಪೊಲೀಸ್ ಠಾಣೆ ಇದೆ,” ಎಂದು ಭಾವ ಬಂದವರಿಗೆಲ್ಲ ಹೇಳುತ್ತಾರೆ. ಹೇಳಿದರೂ, ಹಳೆಯ ಪ್ರಬಂಧಗಳಿಗೆ ಅಂಟಿಸುವ ತಿದ್ದುಪಡಿ ಚೀಟಿಗಳನ್ನು ಕತ್ತರಿಸಿ ಕೊಡುವವರು ಅವರೇ.

ಆ ಚೀಟಿಗಳ ಕೆಲಸಕ್ಕೆ ಅಕ್ಕ ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಹೋಗುತ್ತಾರೆ. ಬರೆದವರ ಒಪ್ಪಿಗೆ ಇರುವ ಪ್ರಬಂಧಗಳಿಗೆ ಮಾತ್ರ ಅಂಟಿಸಬಹುದು ಎಂದು ಗ್ರಂಥಪಾಲಕರ ಷರತ್ತು. ಕೆಲವರು ಒಪ್ಪಿದ್ದಾರೆ, ಪ್ರಾಂಶುಪಾಲ ಒಪ್ಪಿಲ್ಲ. ಚೀಟಿಯ ಮೇಲೆ ಅಧ್ಯಾಪಕಿಯ ಪೂರ್ತಿ ಹೆಸರು, ಲೇಖನದ ಹೆಸರು, ತಪ್ಪು ಅಂಗಡಿಯದೆಂಬ ಒಂದು ಮಾತು. ಪ್ರಬಂಧ ತೆರೆದು, ಕೊನೆಯ ಪುಟಗಳಿಗೆ ಹೋಗಿ, ಗೆರೆಯ ಮೇಲೆ ಚೀಟಿ ಕೂರಿಸಿ ಒತ್ತಿ ಹಿಡಿಯುತ್ತಾರೆ.

ಈಚೆಗೆ ಒಂದು ದಿನ ಅಧ್ಯಾಪಕಿ ಯಾವುದೋ ಪುಸ್ತಕಕ್ಕೆ ಅಲ್ಲಿಗೆ ಬಂದವರು ಅಕ್ಕ ಕೂತಿದ್ದ ಮೇಜಿನ ಹತ್ತಿರ ನಿಂತರು. ಅಕ್ಕ ಎದ್ದರು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಇದರಿಂದ ನಿಮಗೆ ಸಮಾಧಾನ ಆಗುತ್ತಾ?”

“ಇಲ್ಲ ಮೇಡಂ.”

“ನನಗೂ ಏನೂ ಆಗಲ್ಲ. ಆ ಹುಡುಗೀರು ವಾಪಸ್ ಬರಲ್ಲ.” ಅಂಟಿಸಿದ ಚೀಟಿಯನ್ನು ಬಗ್ಗಿ ಓದಿದರು. ಬೆರಳಿನಿಂದ ಅದರ ಒಂದು ತುದಿ ಮುಟ್ಟಿ ನೋಡಿದರು. “ಈ ಮೂಲೆ ಎದ್ದಿದೆ. ಇನ್ನೊಂದು ಸ್ವಲ್ಪ ಅಂಟು ಹಾಕಿ.”

ಅಕ್ಕ ಹಾಕಿದರು. ಒಣಗುವವರೆಗೆ ಹೆಬ್ಬೆರಳು ತೆಗೆಯಲಿಲ್ಲ. ಅಷ್ಟು ಹೊತ್ತೂ ಅಧ್ಯಾಪಕಿ ಪಕ್ಕದಲ್ಲಿ ನಿಂತೇ ಇದ್ದರು.